ಗಾಂಗೂಜ್ಲರ್ ಅಂದರೆ ಯಾರು?

ನಮ್ಮ ಮನೆಯಲ್ಲಿ ಸುಳ್ಳು ಹೇಳುವುದಕ್ಕೆ ಭಾನುವಾರ ಮಧ್ಯಾಹ್ನ ಊಟವಾದ ಮೇಲಿನ ಹೊತ್ತು ಮೀಸಲಾಗಿತ್ತು. ಉಳಿದ ದಿನಗಳಲ್ಲಿ ನಾನೂ ನನ್ನ ಗಂಡನೂ ಸಭ್ಯ ಬ್ಯಾಂಕ್ ಅಧಿಕಾರಿಗಳು. ನನಗೆ ವಿಶಾಖಪಟ್ಟಣಕ್ಕೆ ವರ್ಗವಾಗಿತ್ತು, ಅವರಿಗೆ ವಿಜಯವಾಡಕ್ಕೆ. 'ಎರಡೂ ಆಂಧ್ರವೇ ತಾನೇ' ಎಂದು ತುಮಕೂರಿನಲ್ಲಿ ಎಲ್ಲರೂ ಸಮಾಧಾನ ಹೇಳಿ ಕಳಿಸಿದ್ದರು. ನಡುವೆ ಅರ್ಧ ದಿನದ ರೈಲು ಪ್ರಯಾಣ ಇದೆ ಎಂದು ಆ ಮಹಾನುಭಾವರಿಗೆ ಯಾರು ಹೇಳಬೇಕು? ಶನಿವಾರ ಕೆಲಸ ಮುಗಿಸಿ ರೈಲು ಹತ್ತುತ್ತಿದ್ದ ಗಂಡ ಭಾನುವಾರ ಮಾತ್ರ ನಮ್ಮ ಪಾಲಿಗೆ ಸಿಗುತ್ತಿದ್ದರು.

ಆಟಕ್ಕೆ ಬೇಕಾಗಿದ್ದದ್ದು ಒಂದು ದಪ್ಪ ಇಂಗ್ಲಿಷ್ ಡಿಕ್ಷನರಿ, ಒಂದಿಷ್ಟು ಹರಿದ ಚೀಟಿ. ಡಿಕ್ಷನರಿಯನ್ನು ಅವರು ವಿಜಯವಾಡದ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದರು. ಒಬ್ಬರು ಅದನ್ನು ತೆರೆದು ಯಾರೂ ಕೇಳಿರದ ಪದವೊಂದನ್ನು ಆರಿಸಬೇಕು. ಉಳಿದವರು ಅದಕ್ಕೆ ಸುಳ್ಳು ಅರ್ಥ ಕಟ್ಟಿ ಚೀಟಿಯಲ್ಲಿ ಬರೆದು ಕೊಡಬೇಕು. ಡಿಕ್ಷನರಿ ಹಿಡಿದವರು ನಿಜವಾದ ಅರ್ಥವನ್ನೂ ಚೀಟಿಗಳ ನಡುವೆ ಸೇರಿಸಿ, ನಗದೆ ಎಲ್ಲವನ್ನೂ ಓದಬೇಕು. ನಿಜವನ್ನು ಗುರುತಿಸಿದರೆ ಗೆಲುವು, ನಮ್ಮ ಸುಳ್ಳನ್ನು ಬೇರೆಯವರು ನಂಬಿದರೆ ಇನ್ನೂ ದೊಡ್ಡ ಗೆಲುವು. ಶರತ್ತು ಒಂದೇ: ಪದ ಇಂಗ್ಲಿಷಿನದಾದರೂ ಅರ್ಥ ಕನ್ನಡದಲ್ಲೇ ಇರಬೇಕು. ಆ ಶರತ್ತು ಹಾಕಿದವಳು ನಾನು.

ಅದಕ್ಕೆ ಕಾರಣವಿತ್ತು. ಹತ್ತು ವರ್ಷದ ನಮ್ಮ ಮಗಳು ಮನೆಯ ಹೊರಗೆ ಕಾಲಿಟ್ಟರೆ ಅಚ್ಚ ತೆಲುಗು ಹುಡುಗಿ. ಬೇಸಿಗೆ ರಜೆಯಲ್ಲಿ ತುಮಕೂರಿನ ನನ್ನ ಅಕ್ಕನ ಮನೆಗೆ ಹೋಗಿದ್ದಾಗ 'ದೊಡ್ಡಮ್ಮ, ಆಕಲಿ ಆಗ್ತಿದೆ' ಎಂದುಬಿಟ್ಟಿದ್ದಳು. ಹಸಿವಿಗೆ ತೆಲುಗಿನಲ್ಲಿ ಹಾಗೆನ್ನುತ್ತಾರೆ. ಅಕ್ಕನ ಮಗ, ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ರಜೆ ಮುಗಿಯುವವರೆಗೂ ಇವಳ ಹೆಸರೇ ಆಕಲಿ. 'ಆಕಲಿ ಬಂತು', 'ಆಕಲಿ ಸ್ನಾನಕ್ಕೆ ಹೋಯ್ತು.' ಅವರು ಕೆಟ್ಟ ಮಕ್ಕಳಲ್ಲ, ಆದರೂ ನನಗೆ ಎರಡು ಬಿಗಿಯಬೇಕು ಎನ್ನಿಸಿತ್ತು. ವಾಪಸು ಬಂದ ಮೇಲೆ ಮಗಳು ನೆಂಟರ ಮುಂದೆ ಕನ್ನಡದಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಭಾನುವಾರ ಅಕ್ಕನ ಫೋನು ಬಂದರೆ ಸಾಕು, ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. 'ಎಲ್ಲೇ ಅವಳು? ಒಂದು ಮಾತೂ ಆಡಲ್ವಲ್ಲ' ಎಂದು ಅಕ್ಕ ಕೇಳಿದಾಗಲೆಲ್ಲ ನಾನು ಅವಳನ್ನು ಟ್ಯೂಷನ್ನಿಗೆ ಕಳಿಸುತ್ತಿದ್ದೆ. ಭಾನುವಾರ ಯಾವ ಟ್ಯೂಷನ್? ಅಕ್ಕನಿಗೂ ಗೊತ್ತಿತ್ತು, ಕೆದಕುತ್ತಿರಲಿಲ್ಲ. ಮಗಳ ಕನ್ನಡ ಹೀಗೇ ಬಾತ್‌ರೂಮಿನಲ್ಲೇ ಮುಗಿದುಹೋದರೆ ಎಂದು ನನಗೆ ನಿಜಕ್ಕೂ ಭಯವಾಗುತ್ತಿತ್ತು.

ಆಟದಲ್ಲಿ ಮಾತ್ರ ಅವಳಿಗೆ ಅಂಜಿಕೆಯಿರಲಿಲ್ಲ. ಕನ್ನಡ ಅಕ್ಷರ ಅವಳಿಗೆ ಬರೆಯಲು ಬಾರದು. ಹಾಗಾಗಿ ಕನ್ನಡದ ಮಾತನ್ನೇ ತೆಲುಗು ಅಕ್ಷರದಲ್ಲಿ ಬರೆಯುತ್ತಿದ್ದಳು. ಬಸ್ಸಿನ ಬೋರ್ಡು ಓದುತ್ತಾ ನಾವಿಬ್ಬರೂ ಅಷ್ಟು ತೆಲುಗು ಕಲಿತಿದ್ದೆವು. ತೊಂದರೆಯೆಂದರೆ, ಓದಿದ ಕೂಡಲೇ ಯಾವ ಸುಳ್ಳು ಯಾರದೆಂದು ತಿಳಿದುಬಿಡುತ್ತಿತ್ತು. ಗಂಡನ ಅರ್ಥಗಳೆಲ್ಲ 'ಸದರಿ ವಸ್ತುವಿಗೆ ಸಂಬಂಧಿಸಿದಂತೆ' ಎಂದು ಶುರುವಾಗುತ್ತಿದ್ದವು. ಅಚ್ಯುತಾಪುರಂನ ಔಷಧಿ ಕಾರ್ಖಾನೆಗೆ ಹೋಗುತ್ತಿದ್ದ ಮಹಡಿಯ ಮೇಲಿನ ಹುಬ್ಬಳ್ಳಿ ಹುಡುಗ ಬಂದು ಕೂತರೆ ಎಲ್ಲ ಪದಗಳೂ ತಿನ್ನುವ ಪದಾರ್ಥಗಳಾಗುತ್ತಿದ್ದವು. 'ಬೊರ್ಬೊರಿಗ್ಮಸ್' ಎಂದರೆ ಹೊಟ್ಟೆಯೊಳಗಿನ ಗುಡುಗುಡು ಸದ್ದು ಎಂದು ತಿಳಿದ ದಿನ ಅವನು, 'ಇದಕ್ಕೂ ಒಂದ್ ಹೆಸರಿಟ್ಟಾರೇನ್ರಿ ಅಕ್ಕಾರ? ನಮ್ಮ ಮೆಸ್ಸಿನ್ಯಾಗ ಉಂಡ್ರ ದಿನಾ ಕೇಳ್ತದ' ಎಂದಿದ್ದ. ಮಗಳ ಸುಳ್ಳಿನಲ್ಲಿ ಎಲ್ಲೋ ಒಂದು ತೆಲುಗು ಪದ ಇಣುಕುತ್ತಿತ್ತು. ಸಾಲದ್ದಕ್ಕೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವಳದು. ತನ್ನ ಚೀಟಿಯ ಸರದಿ ಬಂದಾಗ ಸೀಲಿಂಗ್ ಫ್ಯಾನ್ ನೋಡಲು ಶುರು ಮಾಡುತ್ತಿದ್ದಳು. ಯಾರನ್ನೂ ಒಮ್ಮೆಯೂ ಏಮಾರಿಸಿರಲಿಲ್ಲ.

ಆ ವರ್ಷ ದಸರಾ ರಜೆಗೆ ಅಕ್ಕನ ಮಕ್ಕಳಿಬ್ಬರೂ ವಿಜಯವಾಡಕ್ಕೆ ಬರುವುದೆಂದಾಯಿತು. ನಾವೂ ಗಂಡನ ಬಾಡಿಗೆ ಮನೆಗೆ ಹೋದೆವು. ಮನೆ ಕಾಲುವೆಯ ಪಕ್ಕದಲ್ಲೇ ಇತ್ತು. ಗಂಡ ಸಂಜೆ ಬ್ಯಾಂಕಿನಿಂದ ಬಂದವರೇ ಕಾಲುವೆಯ ಕಟ್ಟೆಗೆ ಹೋಗಿ, ಕೈ ಹಿಂದೆ ಕಟ್ಟಿಕೊಂಡು ನೀರು ನೋಡುತ್ತಾ ನಿಲ್ಲುತ್ತಿದ್ದರು. 'ಅಲ್ಲೇನ್ರೀ ಅಂಥದ್ದು?' ಎಂದರೆ, 'ಏನೂ ಇಲ್ಲ, ಅದಕ್ಕೇ ನೋಡ್ತಿರೋದು' ಎನ್ನುವರು. ಮನೆಯ ಒಡತಿ ಒಳ್ಳೆಯ ಹೆಂಗಸು. ಮಕ್ಕಳನ್ನು ಕರೆದು ಪುಳಿಹೋರ, ಅಂದರೆ ನಮ್ಮ ಪುಳಿಯೋಗರೆ, ಬಡಿಸಿ, ಅವರು ಸಾಕೆಂದರೂ ಕೇಳದೆ 'ಮೊಹಮಾಟ ಪಡಕಂಡಿ' ಎನ್ನುತ್ತಾ ಇನ್ನೊಂದು ಸೌಟು ಹಾಕಿದರು. ಸಂಕೋಚ ಪಟ್ಟುಕೊಳ್ಳಬೇಡಿ ಎಂದು ಅದರ ಅರ್ಥ. ಅಕ್ಕನ ಮಕ್ಕಳು ಗಬಗಬ ತಿನ್ನುತ್ತಿದ್ದರು, ಒಂದಕ್ಷರವೂ ಅವರ ಕಿವಿಗೆ ಬಿದ್ದಂತಿರಲಿಲ್ಲ. ನನ್ನ ಮಗಳು ಒಡತಿಯ ಜೊತೆ ಪಟಪಟ ತೆಲುಗು ಮಾತಾಡಿ, ಅಣ್ಣ ಅಕ್ಕಂದಿರ ಕಡೆ ತಿರುಗಿದ ಕೂಡಲೇ ಮೂಕಿಯಾಗುತ್ತಿದ್ದಳು.

ಮರುದಿನ ಬೆಳಗ್ಗೆ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ಸಾಲಿನಲ್ಲಿ ನಿಂತು ದುರ್ಗಮ್ಮನ ದರ್ಶನ ಮಾಡಿ ಬಂದೆವು. ಊಟವಾಗಿ ಎಲ್ಲರೂ ಕಾಲು ಚಾಚಿ ಕೂತಾಗ ಗಂಡ ಡಿಕ್ಷನರಿ ತೆಗೆದರು. ಬೇಡವೆಂದು ನಾನು ಕಣ್ಣಲ್ಲೇ ಗದರಿದೆ. ಇಷ್ಟು ದಿನ ಆಟವೊಂದೇ ಮಗಳಿಗೆ ಉಳಿದಿದ್ದ ಜಾಗ. ಅಲ್ಲೂ ಈ ಮಕ್ಕಳು ನಕ್ಕುಬಿಟ್ಟರೆ ಮುಗಿಯಿತು. ಆದರೆ ಅಕ್ಕನ ಮಕ್ಕಳು ಆಗಲೇ ಪೆನ್ನು ಹಿಡಿದು ಕೂತಿದ್ದರು. ನಾನೇ ಡಿಕ್ಷನರಿ ಕಿತ್ತುಕೊಂಡೆ. ತೆಲುಗು ಅಕ್ಷರದ ಆ ಚೀಟಿ ನನ್ನ ಕೈಗಷ್ಟೇ ಬರಲಿ ಎಂದು.

ಕಣ್ಣಿಗೆ ಬಿದ್ದ ಪದ 'ಗಾಂಗೂಜ್ಲರ್'. ಚೀಟಿಗಳು ಬಂದವು. ನಾನು ಗಂಟಲು ಸರಿಮಾಡಿಕೊಂಡು ಓದಿದೆ. 'ಸದರಿ ಗೋದಾಮಿನ ಮೇಲ್ವಿಚಾರಕ.' 'ಹಡಗಿನ ಅಡುಗೆಯವನು.' 'ಗಂಟಲು ಕಟ್ಟಿದ ಗಾಯಕ.' 'ಕಾಲುವೆಯ ದಂಡೆಯಲ್ಲಿ ಕೆಲಸವಿಲ್ಲದೆ ನಿಂತು ದೋಣಿಗಳನ್ನು ನೋಡುವವನು.' ಕೊನೆಯದಾಗಿ ಮಗಳ ಚೀಟಿ ತೆರೆದೆ. ದುಂಡು ದುಂಡು ತೆಲುಗು ಅಕ್ಷರ. 'ಮಾತು ಗೊತ್ತಿದ್ದರೂ, ನಗುತ್ತಾರೆಂಬ ಮೊಹಮಾಟಕ್ಕೆ ಬಾಯಿ ತೆರೆಯದವನು.'

ದನಿ ನಡುಗಿದರೆ ಗುಟ್ಟು ರಟ್ಟಾಗುತ್ತದೆಂದು ಬ್ಯಾಂಕಿನಲ್ಲಿ ಸುತ್ತೋಲೆ ಓದುವ ಹಾಗೆ ಓದಿ ಮುಗಿಸಿದೆ. ಮಗಳು ಫ್ಯಾನ್ ನೋಡಲಿಲ್ಲ. ಎದುರಿಗೆ ಕೂತ ಅಣ್ಣನ ಮುಖವನ್ನೇ ನೋಡುತ್ತಿದ್ದಳು.

'ಕಾಲುವೆದು ಸುಳ್ಳು' ಎಂದ ಅಕ್ಕನ ಮಗ. 'ಚಿಕ್ಕಪ್ಪನ್ನ ರೇಗಿಸೋಕೆ ಆಕಲಿ ಬರ್ದಿರೋದು. ಕೊನೇದೇ ನಿಜ. ಎಂಥ ಕನ್ನಡ ನೋಡು, ಡಿಕ್ಷನರೀಲಿ ಮಾತ್ರ ಇರೋದು ಇಂಥದ್ದು.'

'ಮೊಹಮಾಟ ಹಳಗನ್ನಡ ಕಣೋ, ನಮ್ಮ ಪದ್ಯದಲ್ಲಿ ಬಂದಿದೆ' ಎಂದಳು ಹೈಸ್ಕೂಲು ಓದುವ ಅಕ್ಕನ ಮಗಳು, ಕನ್ನಡದಲ್ಲಿ ಕ್ಲಾಸಿಗೇ ಮೊದಲು. ಅವಳ ಓಟೂ ಅದಕ್ಕೇ.

ಗಂಡ ನನ್ನನ್ನು ನೋಡಿದರು. ಬೆಳಗಾದರೆ ಕೌಂಟರಿನಲ್ಲಿ ಆ ಪದ ಕೇಳುವವರಿಗೆ ಗೊತ್ತಾಗದೇ ಇರುತ್ತದೆಯೇ? ಆಟದಲ್ಲಿ ಅವರು ಹೆಂಡತಿಗೂ ಮಗಳಿಗೂ ಬಿಟ್ಟುಕೊಟ್ಟವರಲ್ಲ. 'ಕಾಲುವೆ ನೋಡೋರಿಗೆ ಇಂಗ್ಲಿಷ್ನೋರು ಹೆಸರು ಬೇರೆ ಇಡ್ತಾರಾ? ನನ್ನದೂ ಕೊನೇದಕ್ಕೇ' ಎಂದರು.

'ನಂದು ಕಾಲುವೆಗೆ' ಎಂದಳು ಮಗಳು.

ಕಾಲುವೆಯದೇ ನಿಜ, ಕೊನೆಯದು ಮಗಳ ಸುಳ್ಳು ಎಂದು ನಾನು ಗುಟ್ಟು ಬಿಚ್ಚಿದೆ. ಅಕ್ಕನ ಮಗ ಚೀಟಿ ಕಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. 'ಇದು ನೀನೇ ಬರೆದಿದ್ದಾ? ಮೊಹಮಾಟ ಅಂದ್ರೇನೇ?'

'ಅಯ್ಯೋ, ಅಷ್ಟೂ ಗೊತ್ತಿಲ್ವಾ?' ಎಂದಳು ಮಗಳು. ತಗೊಳ್ಳಿ, ಶುರುವಾಯಿತು. ಪುಳಿಹೋರ ಇನ್ನೂ ಬೇಕಿದ್ದರೂ ಸಾಕು ಅನ್ನೋದು ಮೊಹಮಾಟ, ನೆಂಟರ ಮನೆಯಲ್ಲಿ ಬಾತ್‌ರೂಮ್ ಎಲ್ಲಿ ಅಂತ ಕೇಳದೆ ತಡೆದುಕೊಂಡು ಕೂರೋದು ಮೊಹಮಾಟ. ಅರ್ಧ ಕನ್ನಡ, ಕಾಲು ತೆಲುಗು, ಉಳಿದದ್ದು ಕೈಸನ್ನೆ. ಅವರಿಬ್ಬರೂ ನಕ್ಕರು, ಅವಳೂ ನಕ್ಕಳು. ಪದ್ಯದ ಹಳಗನ್ನಡ ಏನಾಯಿತೆಂದು ನಾನು ಅಕ್ಕನ ಮಗಳನ್ನು ಕೇಳದೆ ಬಿಡಲಿಲ್ಲ. ಪಾಪ, ಅವಳು ನೀರು ಕುಡಿಯಲು ಎದ್ದುಹೋದಳು. ಸಂಜೆ ಮಕ್ಕಳು ಮೂವರೂ ನಮ್ಮ ಮನೆಯ ಗಾಂಗೂಜ್ಲರ್ ಜೊತೆ ಕಾಲುವೆ ಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದರು. ನಾನು ಕಾಫಿ ಹಿಡಿದು ಬಾಗಿಲಿನಿಂದಲೇ ನೋಡಿದೆ. ಅಷ್ಟು ನೆಮ್ಮದಿಯಾಗಿ ನಾನು ಆ ಊರುಗಳಲ್ಲಿ ಕಾಫಿ ಕುಡಿದಿರಲಿಲ್ಲ.

ರಜೆ ಮುಗಿದು ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ಭಾನುವಾರ ಅಕ್ಕನ ಫೋನು ಬಂತು. 'ಏನೇ ಕಲಿಸಿದ್ದಾಳೆ ನಿನ್ನ ಮಗಳು? ನಿನ್ನೆ ನೆಂಟರು ಊಟಕ್ಕೆ ಕೂತಿದ್ರೆ ನನ್ನ ಮಗ ಹಿಂದಿನಿಂದ ಬಂದು, ಮೊಹಮಾಟ ಮಾಡ್ಕೋಬೇಡಿ, ಬಡಿಸ್ಕೊಳ್ಳಿ ಅಂತಾನೆ!'

'ಮಾಡ್ಕೊಳ್ಳೋದಲ್ಲ, ಪಡೋದು!' ಎಂದು ಪಕ್ಕದಿಂದ ದನಿ ಬಂತು. ನೋಡಿದರೆ ಮಗಳು ರಿಸೀವರಿಗೆ ಕಿವಿಯಿಟ್ಟು ನಿಂತಿದ್ದಾಳೆ. 'ಕೊಡಮ್ಮ ಇಲ್ಲಿ, ನಾನು ಹೇಳ್ತೀನಿ ದೊಡ್ಡಮ್ಮಂಗೆ' ಎಂದು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು. ನನಗೆ ಮತ್ತೆ ಸಿಕ್ಕಿದ್ದು ಊಟದ ಹೊತ್ತಿಗೆ.