ಉಳಿದ ಎಣ್ಣೆಗೆ ಬಾಗಿದ ತಲೆ

"ನಾನು ಒರೆಸೋಕೆ ಮುಂಚೇನೇ ತಲೆ ಬಗ್ಗಿಸಿದ್ರಲ್ಲ ಸಾರ್, ಯಾರ್ ಹೇಳ್ಕೊಟ್ರು?" ಎಂದು ಆ ಹೆಂಗಸು ನಕ್ಕಾಗಲೇ ನಾನು ತಲೆ ಬಗ್ಗಿಸಿದ್ದು ನನಗೆ ಗೊತ್ತಾದದ್ದು.

ಹಾರನಹಳ್ಳಿಯಲ್ಲಿ ಪರಿಚಿತರೊಬ್ಬರ ಕೊಬ್ಬರಿ ಶೆಡ್ಡಿಗೆ ಹೋಗಿದ್ದೆ. ಚಳಿಗೆ ಬಿರಿದ ನನ್ನ ಬೆರಳುಗಳಲ್ಲಿ ರಕ್ತ ಜಿನುಗುತ್ತಿತ್ತು. ಅಲ್ಲಿ ಚಿಪ್ಪು ಬಿಡಿಸುತ್ತಿದ್ದ ಆ ಹೆಂಗಸು ಅದನ್ನು ನೋಡಿ ನನ್ನ ಕೈ ತೊಳೆಸಿದರು. ನಾನು ಕರವಸ್ತ್ರ ತೆಗೆದಾಗ ಗದರಿದರು: "ಒರೆಸ್ಬೇಡಿ! ತೇವ ಇದ್ದಂಗೇ ಹಚ್ಚಬೇಕು. ಒಣಗಿದ್ ಮೇಲೆ ಬಳ್ಕೊಂಡ್ರೆ ಎಣ್ಣೆ ದಂಡ." ಒಂದೊಂದೇ ಬೆರಳಿಗೆ ಕೊಬ್ಬರಿ ಎಣ್ಣೆ ತೀಡಿ, ತಮ್ಮ ಅಂಗೈಯಲ್ಲಿ ಉಳಿದದ್ದನ್ನು ನನ್ನ ಎಡಗಿವಿಯ ಹಿಂದೆ ಒರೆಸಿದರು. ಅಲ್ಲಿಗೇ ಒರೆಸುತ್ತಾರೆಂದು ನನ್ನ ಕತ್ತಿಗೆ ಮೊದಲೇ ತಿಳಿದಿತ್ತು.

ಅರಸೀಕೆರೆಗೆ ಮರಳುವ ಬಸ್ಸಿನಿಂದಲೇ ಅಕ್ಕನಿಗೆ ಫೋನ್ ಮಾಡಿದೆ. ಅಮ್ಮ ತೀರಿಕೊಂಡಾಗ ನನಗೆ ಒಂದೂವರೆ ವರ್ಷ. ಅವಳ ಮುಖವೂ ನೆನಪಿಲ್ಲ. ನಡೆದದ್ದನ್ನು ಕೇಳಿದ ಅಕ್ಕ, ಯಾವ ಕಿವಿ ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡಳು.

"ಅಮ್ಮ ನಿಂಗೆ ಹಾಗೇ ಒರೆಸ್ತಿದ್ಲು ಕಣೋ, ಎಡಗಿವಿ ಹಿಂದೇನೇ. ನಾನ್ ಯಾವತ್ತೂ ಹೇಳಿಲ್ವಲ್ಲ!"

ಅಷ್ಟು ಎಳವೆಯ ನೆನಪು ಉಳಿಯುವುದಿಲ್ಲವೆಂದು ಓದಿದವನು ನಾನು. ಕಾಕತಾಳೀಯ ಎನ್ನಲು ಈಗಲೂ ಸಿದ್ಧ. ತಲೆ ಬಗ್ಗಿಸಿದ್ದು ಮೊದಲೋ ಆಮೇಲೋ ಎಂದು ನನ್ನನ್ನೇ ಅನುಮಾನಿಸುತ್ತೇನೆ, ಆದರೆ ಶೆಡ್ಡಿನ ಆ ಹೆಂಗಸಿನ ನಗುವನ್ನು ಅನುಮಾನಿಸಲಾರೆ. ಬಿರುಕುಗಳು ಮಾಯ್ದಿವೆ. ಸ್ನಾನವಾದೊಡನೆ ತೇವದ ಕೈಗೆ ಎಣ್ಣೆ ಹಚ್ಚುವುದನ್ನು ಬಿಟ್ಟಿಲ್ಲ. ಹಚ್ಚಿ ಮುಗಿಸಿದಾಗ, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ, ನನ್ನ ತಲೆ ತಾನಾಗಿ ಬಲಕ್ಕೆ ಬಾಗಿ ಎಡಗಿವಿಯನ್ನು ಒಡ್ಡಿ ಕಾಯುತ್ತದೆ.