ಅರವತ್ತು ಹೆಜ್ಜೆ ದೂರದ ಸಾಲು

ಬೆಳಗಿನ ಐದೂಮುಕ್ಕಾಲು. ತಮಿಳುನಾಡಿನ ತಿರುಚೆಂಗೋಡಿನ ಹೊರಗೆ, ಸಂಗಗಿರಿ ರಸ್ತೆಯ ಲಾರಿ ಕಟ್ಟುವ ಶೆಡ್ಡಿನ ಮುಂದೆ, ಹೊಸ ಲಾರಿಯೊಂದು ರಸ್ತೆಗೆ ಬೆನ್ನು ತೋರಿಸಿ ನಿಂತಿದೆ. ಆ ಬೆನ್ನಿಗೆ ಹಳದಿ ಬಣ್ಣದಲ್ಲಿ ಅಕ್ಷರ ಬರೆದು ಮುಗಿಸಿದ ಸೆಂಗೋಡನ್ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಂದಕ್ಕೆ ತಿರುಗುತ್ತಾನೆ. ಅರವತ್ತು ಹೆಜ್ಜೆ ಆಚೆ, ಬೇವಿನ ಮರದ ಕೆಳಗೆ, ಅವನ ಹೆಂಡತಿ ಪಾವಾಯಿ ಸೆರಗು ಬಿಗಿದು ನಿಂತಿದ್ದಾಳೆ.

"ಓದು!"

"ದೂ...ರ ಇರು... ತಮ್ಮಾ. ಮನೆ..." ಪಾವಾಯಿ ಕಣ್ಣು ಕಿರಿದು ಮಾಡುತ್ತಾಳೆ. "ಆಮೇಲಿಂದು ಇರುವೆ ಸಾಲು ಹೋದಂಗಿದೆ ಮಾಮಾ. ಕಾಣಲ್ಲ."

"ನಿಂಗೆ ಕಣ್ಣು ಕಾಣಲ್ವೋ, ಅಕ್ಷರ ಬರಲ್ವೋ?"

"ಎರಡೂ ನೆಟ್ಟಗಿರೋರು ಮಾತ್ರಾನೇ ನಿನ್ನ ಲಾರಿ ಹಿಂದೆ ಬರ್ತಾರಾ?"

ಸೆಂಗೋಡನ್ ಸೀಮೆಎಣ್ಣೆ ಬಟ್ಟೆ ತೆಗೆದುಕೊಂಡು ಒಂದೂವರೆ ಗಂಟೆಯ ಕೆಲಸವನ್ನು ಒಂದೇ ಏಟಿಗೆ ಒರೆಸಿಹಾಕುತ್ತಾನೆ.

ಅವನಿಗೀಗ ಐವತ್ತೆಂಟು. ಕುಂಚ ಹಿಡಿದು ನಲವತ್ತೊಂದು ವರ್ಷ. ದೇಶದ ಯಾವ ಮೂಲೆಯ ಹೆದ್ದಾರಿಯಲ್ಲಾದರೂ ಅವನ ಕೈಬರಹ ಹೊತ್ತ ಲಾರಿ ಓಡುತ್ತಿರಬಹುದು, ಅದನ್ನು ಬರೆದವನ ಮುಖ ಮಾತ್ರ ಯಾರಿಗೂ ಗೊತ್ತಿಲ್ಲ. ಒಂದು ಕಾಲದಲ್ಲಿ ದಿನಕ್ಕೆ ನಾಲ್ಕು ಲಾರಿ ಇವನಿಗಾಗಿ ಸರದಿ ಕಾಯುತ್ತಿದ್ದವು. ಈಗ ಒಂದು ಬಂದರೆ ಹೆಚ್ಚು. ಅರ್ಧ ಗಂಟೆಯಲ್ಲಿ ಸ್ಟಿಕರ್ ಅಂಟಿಸಿ ಕಳಿಸುವ ಅಂಗಡಿ ಎದುರಿಗೇ ಇರುವಾಗ, ಹೆಂಡತಿಗೆ ಓದಲು ಬರಲಿಲ್ಲವೆಂದು ಅಳಿಸಿ ಬರೆಯುವ ಮುದುಕನ ಹತ್ತಿರ ಯಾರು ಬರುತ್ತಾರೆ?

ಬಂದವರೂ ಪದ ಕೇಳುತ್ತಾರೆ. ಪದವೆಂದರೆ ನಾಲ್ಕು ಸಾಲಿನ ಲಾರಿ ಪದ, ಸೆಂಗೋಡನ್ ಹೆಸರು ಮಾಡಿದ್ದೇ ಅದರಲ್ಲಿ. ಈ ಊರಿನ ಲಾರಿ ಬರೆಯುವವರಿಗೆ ಒಂದು ರೂಢಿಯಿತ್ತು. ಮೊದಲ ಸಾಲು ದಪ್ಪ, ಎರಡನೆಯದು ಸಣ್ಣ, ಮೂರನೆಯದು ಇನ್ನೂ ಸಣ್ಣ. ನಾಲ್ಕನೆಯದು ಸಾಸಿವೆ ಕಾಳಿನಷ್ಟು. ಪದದ ಗುಟ್ಟು ಆ ನಾಲ್ಕನೆಯ ಸಾಲಿನಲ್ಲೇ. "ಓದೋನು ತಾನಾಗೇ ಹತ್ರ ಬರ್ಬೇಕು, ಬಂದು ನಗಬೇಕು. ಆಗ್ಲೇ ನೀನು ಬರೆಯೋನು ಅಂತ ನಮ್ಮ ಮೇಸ್ತ್ರಿ ಹೇಳ್ತಿದ್ರು" ಎನ್ನುತ್ತಾನೆ ಸೆಂಗೋಡನ್. "ಮೂವತ್ತೈದು ವರ್ಷ ಅದೇ ಮಾಡ್ದೆ. ಜನಾನ ಹತ್ರ ಕರೆಯೋ ಕೆಲಸ."

ಓಡುವ ಲಾರಿಯ ಬೆನ್ನಿಗೆ ಜನರನ್ನು ಹತ್ತಿರ ಕರೆಯುವುದು! ಆದರೆ ಆ ಮೂವತ್ತೈದು ವರ್ಷದಲ್ಲಿ ಮೇಸ್ತ್ರಿಗಾಗಲಿ, ಶಿಷ್ಯನಿಗಾಗಲಿ, ಓದಿ ನಕ್ಕ ಸಾವಿರಾರು ಜನರಿಗಾಗಲಿ ಇದರ ಅಪಾಯ ಹೊಳೆಯಲೇ ಇಲ್ಲ. ನಿಂತ ಲಾರಿಯ ಹಿಂದೆ ನಿಂತು ಬರೆಯುವವನಿಗೆ ಅಕ್ಷರದ ಮೇಲೆ ಕಣ್ಣು, ಚಕ್ರದ ಮೇಲಲ್ಲ.

ಹೊಳೆದದ್ದು ಆರು ವರ್ಷದ ಹಿಂದಿನ ಒಂದು ಬೆಳಿಗ್ಗೆ. ಅರಿಸಿನದ ಲೋಡು ಹೊಡೆಯುವ ನಾಚಿಮುತ್ತು ಲಾರಿ ತಂದು ನಿಲ್ಲಿಸಿ, "ಹಿಂದ್ಗಡೆ ಹಲಗೆ ಕೆಟ್ಟೋಗಿದೆ ಅಣ್ಣಾ, ತಿದ್ದಿ ಕೊಡು" ಎಂದ. ಸೆಂಗೋಡನ್ ಬಗ್ಗಿ ನೋಡಿದ. ತಾನು ಬರೆದ ಮೂರನೆಯ ಸಾಲಿನ ಮೇಲೆ ಒಂದು ಬೈಕಿನ ನಂಬರು, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ, ಅಚ್ಚೊತ್ತಿ ಕೂತಿತ್ತು. ಅಕ್ಷರದ ಸುಳಿಯೊಳಗೆ ಗಾಜಿನ ಪುಡಿ.

"ಆಡು ಅಡ್ಡ ಬಂತು, ಬ್ರೇಕ್ ಹಾಕ್ದೆ" ಎಂದ ನಾಚಿಮುತ್ತು. "ಹಿಂದೆ ಒಬ್ಬ ಇದಾನೆ ಅಂತಾನೇ ಗೊತ್ತಿರ್ಲಿಲ್ಲ. ಅಷ್ಟು ಅಂಟಿಕೊಂಡು ಬಂದ್ರೆ ನಮ್ಮ ಕನ್ನಡೀಲಿ ಕಾಣಲ್ಲ. ಕಾಣದವನನ್ನ ಹೆಂಗೆ ಉಳಿಸ್ಲಿ ಅಣ್ಣಾ?"

ಬೈಕಿನವನು ಉಳಿದ, ಬಲಗಾಲು ಉಳಿಯಲಿಲ್ಲ. ಅವನ ಹೆಸರು ವೈಯಾಪುರಿ, ಪಳ್ಳಿಪಾಳಯದ ಮಗ್ಗದ ಕೆಲಸಗಾರ. ನಾಲ್ಕು ತಿಂಗಳಾದ ಮೇಲೆ ಊರುಗೋಲು ಹಿಡಿದು ಶೆಡ್ಡಿಗೇ ಹುಡುಕಿಕೊಂಡು ಬಂದ. ಬೈಯಲು ಬಂದನೆಂದುಕೊಂಡು ಸೆಂಗೋಡನ್ ಎದ್ದು ನಿಂತ. ವೈಯಾಪುರಿ ಕೇಳಿದ್ದು ಬೇರೆಯೇ.

"ಅಣ್ಣಾ, ಆ ಪದದ್ದು ನಾಲ್ಕನೇ ಸಾಲು ಏನು? ಮೂರು ಓದಿದ್ದೆ. ನಾಲ್ಕನೇದು ಓದಬೇಕು ಅಂತಾನೇ ಮುಂದಕ್ಕೆ ಹೋದೆ."

ಅವನು ಓದಿದ್ದ ಮೂರು ಸಾಲು ಇವು:

ಅವ್ವನ ಕಣ್ಣು ಬಾಗಿಲ ಮೇಲೆ
ಮಡದಿ ಕಣ್ಣು ಬೀದಿಯ ಮೇಲೆ
ನಿನ್ನ ಕಣ್ಣು ನನ್ನ ಬೆನ್ನ ಮೇಲೆ

ಅವನಿಗೆ ಕಾಣದೆ ಹೋದ ಸಾಸಿವೆ ಕಾಳಿನ ಸಾಲು: "ದೂರ ಇರು ತಮ್ಮಾ, ಮನೆ ಸೇರು."

ಸೆಂಗೋಡನ್‌ಗೆ ಆ ಸಾಲು ನೆನಪಿತ್ತು. ಯಾವ ಬಾಯಲ್ಲಿ ಹೇಳುವುದು? "ಮರ್ತೋಯ್ತಪ್ಪಾ" ಎಂದುಬಿಟ್ಟ.

ಆ ವಾರವೇ ಅವನು ಒಂದು ಹುಚ್ಚು ಕೆಲಸ ಮಾಡಿದ. ನಾಚಿಮುತ್ತುವಿನ ಲಾರಿಯ ಮೂಟೆಗಳ ಮೇಲೆ, ಹಿಂದಕ್ಕೆ ಮುಖಮಾಡಿ ಕೂತು ಈರೋಡಿನಿಂದ ಸೇಲಂವರೆಗೆ ಹೋದ. ತನ್ನ ಅಕ್ಷರ ದಿನಾ ಏನು ನೋಡುತ್ತದೋ ಅದನ್ನು ತಾನೂ ನೋಡಬೇಕೆಂದು. ಒಂದು ಕಾರು ಎಷ್ಟು ಹತ್ತಿರ ಬಂತೆಂದರೆ, ಅದರ ಕನ್ನಡಿಗೆ ತೂಗುಬಿಟ್ಟ ಮಣಿಸರದ ಮಣಿ ಎಣಿಸಬಹುದಿತ್ತು. ಓಡಿಸುವವನು ಒಂದು ಕೈಯಲ್ಲಿ ಚಕ್ಕುಲಿ ತಿನ್ನುತ್ತಿದ್ದ. ಮಾತಿಗೆ ಹೇಳಿದ್ದಲ್ಲ, ಚಕ್ಕುಲಿಯ ಸುತ್ತು ಕೂಡ ಕಂಡಿತು! ಚಿತ್ತಿರೈ ತಿಂಗಳ ನಡುಬೇಸಿಗೆಯ ಬಿಸಿಲು ಬೇರೆ. ಲಾರಿಯ ನೆರಳಿನೊಳಗೇ ಸ್ಕೂಟರ್ ಹೊಡೆಯುತ್ತಾ ಒಬ್ಬಳು ತಾಯಿ, ಎದೆಗೆ ಕಟ್ಟಿಕೊಂಡ ಕೂಸು.

"ದೂರ ಹೋಗಮ್ಮಾ ಅಂತ ಕೂಗ್ದೆ. ಕೈ ಬೀಸ್ದೆ" ಎನ್ನುತ್ತಾನೆ ಸೆಂಗೋಡನ್. "ಅವಳು ನಕ್ಕಳು. ನಾನು ಹೇಳೋದು ಕೇಳಿಸ್ಲಿಲ್ಲ ನೋಡಿ, ಕೇಳಿಸಿಕೊಳ್ಳೋಕೆ ಅಂತ ಇನ್ನೂ ಹತ್ರ ಬಂದ್ಲು."

ಆ ಕೂಗು ಕೇಳಿದ ನಾಚಿಮುತ್ತು ಹಿಂದಿನ ದೀಪ ಎರಡು ಸಲ ಮಿನುಗಿಸಿ, ಮೆಲ್ಲಗೆ ಎಡಕ್ಕೆ ಸರಿದು, ಕೈ ತೋರಿಸಿ ಅವಳನ್ನು ಮುಂದೆ ಬಿಟ್ಟ. ಬೆನ್ನು ಬಿಡದವರನ್ನು ಹೀಗೇ ದಾಟಿಸಿಬಿಡುವುದು ಅವನ ಪದ್ಧತಿ. "ಕೆಲವ್ರು ಬುದ್ಧಿ ಕಲಿಸ್ತೀನಿ ಅಂತ ಗಕ್ಕನೆ ಬ್ರೇಕ್ ಒತ್ತಾರೆ" ಎನ್ನುತ್ತಾನೆ. "ಬುದ್ಧಿ ಕಲಿಯೋಕೆ ಅವನು ಬದುಕಿರ್ಬೇಕಲ್ಲ?"

ಅಂದಿನಿಂದ ಸೆಂಗೋಡನ್ ಶೆಡ್ಡಿಗೆ ರಿಪೇರಿಗೆ ಬಂದ ಪ್ರತಿ ಲಾರಿಯ ಬೆನ್ನನ್ನೂ ಬೆರಳಾಡಿಸಿ ನೋಡುತ್ತಾನೆ. ಕಳೆದ ತಿಂಗಳು ಮೂವತ್ತೊಂದು ಲಾರಿ ನೋಡಿದ, ಹತ್ತೊಂಬತ್ತರ ಮೇಲೆ ಬೇರೆ ಗಾಡಿಯ ಬಣ್ಣ ಹತ್ತಿತ್ತು. ಮೂವತ್ತೊಂದರಲ್ಲಿ ಹತ್ತೊಂಬತ್ತು! ಅದೂ ಒಂದೇ ಶೆಡ್ಡಿನಲ್ಲಿ, ಒಂದೇ ತಿಂಗಳಲ್ಲಿ.

ಪದ ಬರೆಯುವುದನ್ನು ಅವನು ಬಿಟ್ಟೇಬಿಟ್ಟ. ಈಗ ಪ್ರತಿ ಲಾರಿಗೂ ಆ ನಾಲ್ಕನೆಯ ಸಾಲು ಒಂದೇ, ಒಂಬತ್ತು ಅಂಗುಲದ ಅಕ್ಷರ. ಬಳುಕಿಲ್ಲ, ಬಾಲವಿಲ್ಲ, ಹೂಬಳ್ಳಿಯಿಲ್ಲ. ನಲವತ್ತರ ಮೇಲೆ ಅಕ್ಷರ ಕಲಿತ ಪಾವಾಯಿ ಬೇವಿನ ಮರದಿಂದ ಓದಬೇಕು, ಆಮೇಲೇ ಲಾರಿ ಹೊರಡಬೇಕು. "ಇವನ ಕೈಗೆ ಲಕ್ವಾ ಹೊಡೀತಾ ಅಂತ ಕೇಳ್ತಾರೆ ನನ್ನ" ಎಂದು ಪಾವಾಯಿ ನಗುತ್ತಾಳೆ. ಸೆಂಗೋಡನ್ ನಗುವುದಿಲ್ಲ. ಆ ಬಳುಕು ಅಕ್ಷರದ ಆಸೆ ಅವನ ಬೆರಳಿನಿಂದ ಇನ್ನೂ ಹೋಗಿಲ್ಲ. ಇವತ್ತು ಬೆಳಿಗ್ಗೆ 'ಸೇರು' ಎಂಬಲ್ಲಿ ಸಣ್ಣಗೆ ಬಳುಕಿಸಲು ಹೋಗಿಯೇ ಎಲ್ಲವನ್ನೂ ಒರೆಸಬೇಕಾಯಿತು.

ಎಂಟು ಗಂಟೆಗೆ ವೈಯಾಪುರಿ ಬಸ್ಸಿಳಿದು ಬರುತ್ತಾನೆ. ಬೆಟ್ಟದ ದೇವರಿಗೆ ಕೈಮುಗಿಯಲು ತಿಂಗಳಿಗೊಮ್ಮೆ ಊರಿಗೆ ಬಂದಾಗ ಇಲ್ಲಿ ಟೀ ಕುಡಿದೇ ಹೋಗುವುದು. ಬಂದಾಗಲೆಲ್ಲ ನಾಲ್ಕನೇ ಸಾಲಿನ ಅದೇ ಪ್ರಶ್ನೆ, 'ಮರ್ತೋಯ್ತು' ಎಂಬ ಅದೇ ಉತ್ತರ. ಇವತ್ತು ಅವನು, ಸೆಂಗೋಡನ್ ಎರಡನೇ ಸಲ ಬರೆದ ಲಾರಿಯತ್ತ ಗದ್ದವೆತ್ತಿ, "ದಾರೀಲಿ ನಿನ್ನ ಲಾರಿ ಐದು ಕಂಡ್ವು ಅಣ್ಣಾ, ಬಸ್ಸಿಂದಾನೇ ಓದ್ದೆ. ಎಲ್ಲಾದರ ಮೇಲೂ ಇದೊಂದೇ ಸಾಲು ಇದ್ಯಲ್ಲ. ಮಿಕ್ಕ ಮೂರು ಎಲ್ಲಿ?" ಎನ್ನುತ್ತಾನೆ.

ಸೆಂಗೋಡನ್ ಲೋಟ ಕೆಳಗಿಡುತ್ತಾನೆ. ಪಾವಾಯಿ ಗಂಡನ ಮುಖವನ್ನೇ ನೋಡುತ್ತಾಳೆ.

"ಆ ಮೂರು ನಿನ್ನ ಹತ್ರಾನೇ ಇದಾವಲ್ಲಪ್ಪಾ."

ವೈಯಾಪುರಿಯ ತುಟಿ ಅಲುಗುತ್ತದೆ. ಅವ್ವನ ಕಣ್ಣು. ಮಡದಿ ಕಣ್ಣು. ನಿನ್ನ ಕಣ್ಣು. ಆಮೇಲೆ ಅವನ ನೋಟ ಲಾರಿಯ ಬೆನ್ನಿಗೆ ಹೋಗಿ ಅಲ್ಲೇ ನಿಲ್ಲುತ್ತದೆ.

"ಇದೇನಾ?"

"ಇದೇ."

"ಅವತ್ತೇ ದಪ್ಪಗೆ ಬರೀಬಾರ್ದಿತ್ತಾ ಅಣ್ಣಾ?"

ಆರು ವರ್ಷದಿಂದ ಸೆಂಗೋಡನ್ ತನ್ನನ್ನೇ ಕೇಳಿಕೊಂಡಿರುವುದೂ ಇದನ್ನೇ. ತಲೆ ತಗ್ಗಿಸುತ್ತಾನೆ. ವೈಯಾಪುರಿ ಊರುಗೋಲು ಕಂಕುಳಿಗೆ ಸಿಕ್ಕಿಸಿ ಎದ್ದು, ಹೇಳದೆ ಕೇಳದೆ ರಸ್ತೆಯಂಚಿಗೆ ನಡೆಯುತ್ತಾನೆ. ಹೊರಟೇಹೋದ ಎಂದುಕೊಳ್ಳುವಷ್ಟರಲ್ಲಿ ಅವನು ಬೇವಿನ ಮರವನ್ನೂ ದಾಟಿ, ಇನ್ನಷ್ಟು ದೂರ ಹೋಗಿ, ತಿರುಗಿ ನಿಲ್ಲುತ್ತಾನೆ.

"ಇಲ್ಲಿಂದಾನೂ ಕಾಣ್ತದೆ ಅಣ್ಣಾ! ಪೂರ್ತಿ ಕಾಣ್ತದೆ!"

ಪಾವಾಯಿ ಓದಲೆಂದು ಎದ್ದಿದ್ದಳು. ಸೆಂಗೋಡನ್ ಅವಳ ಕೈ ಹಿಡಿದು ಕೂರಿಸುತ್ತಾನೆ.

"ನೀನು ಬೇಡ ಕಣೇ. ಅವನಿಗೆ ಕಾಣ್ತಲ್ಲ, ಸಾಕು. ಲಾರಿ ಹೊರಡ್ಲಿ."