ಅರ್ತಿಂಗ್ ಗುಂಡಿಗೆ ನೀರು

ಜಯಕ್ಕ, ಕಂಪ್ಯೂಟರ್ ಸುಟ್ಟಿದ್ದು ನಿಮ್ಮಿಂದಲ್ಲ. ನನ್ನಿಂದ. ನಾನು ಅದರೊಳಗೆ ಹಾಕಿದ್ದ ಹಳೆಯ ಎಸ್‌ಎಂಪಿಎಸ್‌ನಿಂದ. ಅವತ್ತು ಕಂಪ್ಯೂಟರಿನ ಮುಚ್ಚಳ ತೆಗೆದ ಕ್ಷಣದಲ್ಲೇ ನನಗದು ಗೊತ್ತಾಗಿತ್ತು. ಗೊತ್ತಿದ್ದೂ ನಿಮ್ಮೆದುರಿಗೇ, ಅರ್ತಿಂಗ್ ಗುಂಡಿಗೆ ನೀರು ಬಿದ್ದಿಲ್ಲ ಅಂದುಬಿಟ್ಟೆ. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ತೆಗೆದುಕೊಂಡೆ. ಮುಂದಿನದನ್ನೂ ಹೇಳುತ್ತೇನೆ — ನಡುವೆ ನನ್ನನ್ನು ನಾನೇ ಬಚಾವು ಮಾಡಿಕೊಳ್ಳುವ ಮಾತು ಬಂದರೆ ಅದನ್ನು ಮಾತ್ರ ನಂಬಬೇಡಿ.

ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನಾನು ಎಲ್ಲಾದರೂ ನುಸುಳಿಕೊಂಡು ಹೋಗುವ ಆಸಾಮಿ. ನಿಮ್ಮ ಯಜಮಾನ ರಮೇಶನೂ ನಾನೂ ಪಾಂಡವಪುರದಲ್ಲಿ ಒಟ್ಟಿಗೆ ಓದಿದವರು. ಓದು ಮುಗಿದ ಮೇಲೆ ಅವನು ನಿಮ್ಮ ದೇವಲಾಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟ. ನಾನು ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಕಂಪ್ಯೂಟರ್ ಜೋಡಿಸಿ ಕೊಡತೊಡಗಿದೆ. ಅಪ್ಪ ದೇವಸ್ಥಾನದ ಅರ್ಚಕರು. ಅವರು ಒಳಗಿನ ಕೋಣೆಯಲ್ಲಿ ಮುಹೂರ್ತ ಇಟ್ಟುಕೊಡುತ್ತಿದ್ದರು, ನಾನು ಹೊರಗಿನ ಕೋಣೆಯಲ್ಲಿ ಮದರ್‌ಬೋರ್ಡು. ಸ್ಟುಡಿಯೋಗೆ ಹೊಸ ಕಂಪ್ಯೂಟರ್ ಬೇಕು ಅಂತ ನೀವಿಬ್ಬರೂ ಬಂದಿದ್ದಿರಿ. ನೆನಪಿದೆಯೇ?

"ಅವೆಲ್ಲ ನಂಗೇನ್ ಗೊತ್ತಾಯ್ತದ್ಲಾ ಐನೋರೆ, ನೀನೇ ನೋಡಿ ಆಕ್ಬುಡು. ಮದ್ವೆ ಆಲ್ಬಮ್ಮು ಬಿರ್ನೆ ಆಗ್ಬೇಕು, ಅಷ್ಟೇಯ" ಅಂದ ರಮೇಶ. ಅಷ್ಟು ಸಾಕಾಯಿತು ನನಗೆ. ಆಗ ನನ್ನ ಜಂಬ ಕೇಳಬೇಡಿ. ಮದುವೆ ವಿಡಿಯೋ ತಡವರಿಸದೆ ಓಡಬೇಕು ಅಂತ ಒಳ್ಳೆಯ ಪ್ರೊಸೆಸರ್, ಕೈತುಂಬ ರ‍್ಯಾಮ್. ಅರಿಶಿನದ ಸೀರೆ ಅರಿಶಿನವಾಗೇ ಕಾಣಬೇಕು ಅಂತ ಆರಿಸಿ ಆರಿಸಿ ಮಾನಿಟರ್. ಫೋಟೋಗಳಿಗೆ ಒಂದು ಹಾರ್ಡ್‌ಡಿಸ್ಕ್, ಅದರ ನಕಲಿಗೆ ಇನ್ನೊಂದು. ನಕಲನ್ನು ಬೇರೆ ಕಡೆ ಇಡಬೇಕಲ್ಲವೇ ಎಂದು ರಮೇಶ ಕೇಳಿದ್ದಕ್ಕೆ, ಎರಡೂ ಒಳಗೇ ಇರಲಿ ಮಾರಾಯ, ಒಂದು ಹೋದರೆ ಇನ್ನೊಂದು ಇರುತ್ತಲ್ಲ ಅಂತ ಅವನ ಬಾಯಿ ಮುಚ್ಚಿಸಿದೆ. ಬಣ್ಣದ ದೀಪ ಮಿನುಗುವ ಕ್ಯಾಬಿನೆಟ್ ತೋರಿಸಿದಾಗ ಬೇಡವೆಂದದ್ದು ನೀವು. "ದೀಪ ಗೀಪ ಬ್ಯಾಡ ಕಣಣ್ಣ. ಧೂಳ್ ಕುಂತ್ರೆ ಒರೆಸಾಕೆ ಸಲೀಸಾಗಿರೋದು ಕೊಡಿ." ಅವತ್ತು ಆ ಅಂಗಡಿಯಲ್ಲಿ ಬುದ್ಧಿವಂತಿಕೆಯ ಮಾತು ಆಡಿದವರು ನೀವೊಬ್ಬರೇ.

ಕೊನೆಗೆ ಉಳಿದದ್ದು ಎಸ್‌ಎಂಪಿಎಸ್. ಹೊರಗಿನ ಕರೆಂಟನ್ನು ತಗ್ಗಿಸಿ ಒಳಗಿನ ಎಲ್ಲ ಭಾಗಗಳಿಗೂ ಹದವಾಗಿ ಬಡಿಸುವ ಡಬ್ಬ ಅದು. ಬಡಿಸುವ ಕೈ ಕೆಟ್ಟರೆ ಪಂಕ್ತಿಯಲ್ಲಿ ಕೂತವರೆಲ್ಲ ಕೆಡುತ್ತಾರೆ. ನಿಮ್ಮೂರಿನ ಕರೆಂಟು ನನಗೆ ಗೊತ್ತಿತ್ತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಟ್ಟಾಗಲೂ ತೆಗೆದಾಗಲೂ ಬಲ್ಬು ಒಮ್ಮೆ ಉರಿದು ಒಮ್ಮೆ ಸಾಯುತ್ತದೆ. ಅದಕ್ಕೇ ಗಟ್ಟಿಯಾದದ್ದನ್ನೇ ಹೇಳಿ ತರಿಸಿದ್ದೆ. ಸ್ಟುಡಿಯೋ ಪಕ್ಕ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿಸಿ, ಸೋರಿದ ಕರೆಂಟು ನೆಲಕ್ಕಿಳಿಯಲಿ ಅಂತ ಅರ್ತಿಂಗ್ ಮಾಡಿಸಿದವನೂ ನಾನೇ. "ಜಯಕ್ಕ, ಈ ಗುಂಡಿಗೆ ದಿನಾ ಒಂದು ಬಿಂದಿಗೆ ನೀರು ಹಾಕಿ, ಒಣಗಲು ಬಿಡಬೇಡಿ" ಅಂತ ನಿಮಗೆ ಆ ಕೆಲಸ ಒಪ್ಪಿಸಿದವನೂ ನಾನೇ.

ಸ್ಟುಡಿಯೋ ಪೂಜೆಗೆ ಮುಹೂರ್ತ ಇಟ್ಟವರು ಅಪ್ಪ. ಆಷಾಢಕ್ಕೆ ಮುಂಚಿನ ಕೊನೆಯ ಒಳ್ಳೆಯ ದಿನ. ಈ ಗಳಿಗೆ ತಪ್ಪಿದರೆ ಶ್ರಾವಣವೇ ಗತಿ ಅಂತ ರಮೇಶನಿಗೆ ಒತ್ತಿ ಒತ್ತಿ ಹೇಳಿದವನು ನಾನು — ಅರ್ಚಕರ ಮಗ ಅನ್ನುವ ಗತ್ತು ಬೇರೆ. ಪೂಜೆಯ ಹಿಂದಿನ ದಿನ ನೋಡಿದರೆ ಎಲ್ಲ ಬಂದಿದೆ, ಎಸ್‌ಎಂಪಿಎಸ್ ಬಂದಿಲ್ಲ. ಪಾರ್ಸೆಲ್ ಎಲ್ಲೋ ನಿಂತಿದೆ. ಪೂಜೆ ಆಗಲಿ, ಕಂಪ್ಯೂಟರ್ ಆಮೇಲೆ ಹಚ್ಚೋಣ ಎಂದು ಒಂದು ಮಾತು ಹೇಳಿದ್ದರೆ ಮುಗಿದಿತ್ತು. ನಿಮಗೆ ಬೇಸರವೂ ಆಗುತ್ತಿರಲಿಲ್ಲವೇನೋ. ಆದರೆ ನಾನು ಆಡಿದ ಮಾತು — ನನ್ನ ಮುಹೂರ್ತ — ನನ್ನ ಮರ್ಯಾದೆ. ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರಿನಿಂದ ಎಸ್‌ಎಂಪಿಎಸ್ ಕಿತ್ತೆ. ಧೂಳು ಊದಿದೆ. ಹಾಕಿದೆ. ಹೊಸದು ಬಂದ ತಕ್ಷಣ ಬದಲಾಯಿಸಿದರಾಯಿತು ಅಂದುಕೊಂಡೆ.

ಗಳಿಗೆಗೆ ಸರಿಯಾಗಿ ಅಪ್ಪ ಮಂತ್ರ ಹೇಳಿದರು. ನೀವು ಕ್ಯಾಬಿನೆಟ್ಟಿಗೆ ಅರಿಶಿನ ಕುಂಕುಮ ಇಟ್ಟಿರಿ. ನಿಮ್ಮ ಮಗಳು ಪುಟ್ಟಿ ಸ್ವಿಚ್ ಒತ್ತಿದಳು. ಆಗ ಅವಳಿಗೆ ಇನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲ. ಪರದೆ ಬೆಳಗಿದಾಗ ಚಪ್ಪಾಳೆ ತಟ್ಟಿದಳು, ರಮೇಶ ಅದನ್ನೇ ಮೊದಲ ಫೋಟೋ ತೆಗೆದ.

ಹೊಸ ಎಸ್‌ಎಂಪಿಎಸ್ ಆಮೇಲೆ ಬಂತು. ಬದಲಾಯಿಸಲು ನಾನು ಬರಲಿಲ್ಲ. ಬಂದು ಬಿಚ್ಚಿದರೆ ರಮೇಶ ಪಕ್ಕದಲ್ಲೇ ಕೂರುತ್ತಾನೆ, ಹಳೆಯದು ಕಣ್ಣಿಗೆ ಬೀಳುತ್ತದೆ. ಹೇಗೂ ಓಡುತ್ತಿದೆಯಲ್ಲ — ಮುಂದಿನ ತಿಂಗಳು — ಮಳೆಗಾಲ ಕಳೆಯಲಿ — ಹೀಗೇ. ಆ ಡಬ್ಬದ ಅಂಟುಪಟ್ಟಿಯನ್ನು ಇವತ್ತಿಗೂ ಬಿಚ್ಚಿಲ್ಲ. ನನ್ನ ತಲೆಯ ಮೇಲಿನ ಗೂಡಿನಲ್ಲೇ ಕೂತಿದೆ.

ಆಮೇಲೆ ಪುಟ್ಟಿಗೆ ಜ್ವರ ಬಂತು. ಅದನ್ನು ನಾನು ಬರೆಯಬಾರದು, ಅದು ನಿಮ್ಮದು. ಮಗು ಹೋದ ಮೇಲೆ ಫೋಟೋ ಕಟ್ಟು ಹಾಕಿಸಬೇಡಿ, ತಾಯಿಯ ಕಣ್ಣಿಗೆ ಬೀಳಬಾರದು ಅಂದರು ನಿಮ್ಮ ಮನೆಯ ಹಿರಿಯರು. ಊರಿಗೆಲ್ಲ ಫೋಟೋ ಮಾಡಿಕೊಡುವ ಮನೆಯಲ್ಲಿ ಪುಟ್ಟಿಯದೊಂದು ಪ್ರಿಂಟೂ ಇರಲಿಲ್ಲ. ಇದ್ದದ್ದೆಲ್ಲ ಆ ಕಂಪ್ಯೂಟರಿನಲ್ಲಿ. ಗಿರಾಕಿಗಳಿಲ್ಲದ ಮಧ್ಯಾಹ್ನ ನೀವು ಸ್ಟುಡಿಯೋಗೆ ಬಂದು ಕೂರುತ್ತೀರಿ, ಒಂದೊಂದೇ ಫೋಟೋ ನೋಡುತ್ತೀರಿ, ಎದ್ದು ಹೋಗುತ್ತೀರಿ ಅಂತ ರಮೇಶ ಹೇಳಿದ್ದ. ಆಗಲಾದರೂ ನಾನು ಆ ಡಬ್ಬ ಹೊತ್ತುಕೊಂಡು ಓಡಿ ಬರಬೇಕಿತ್ತು. ಬರಲಿಲ್ಲ. ಕೇಳಿ, ಅಯ್ಯೋ ಪಾಪ ಅಂದು, ಫೋನ್ ಇಟ್ಟೆ.

ಆ ಬೇಸಿಗೆಯಲ್ಲಿ ನಿಮ್ಮನ್ನು ತವರಿಗೆ, ಅಕ್ಕಿಹೆಬ್ಬಾಳಿಗೆ, ಕರೆದುಕೊಂಡು ಹೋಗಿದ್ದರು. ನೀವು ತಿರುಗಿ ಬಂದ ದಿನವೇ ತ್ರೀ ಫೇಸ್ ಬಿಟ್ಟಾಗ ಕಂಪ್ಯೂಟರ್ ಪಟ್ ಅಂದಿತು. ರಮೇಶ ಫೋನ್ ಮಾಡಿದ, ನಾನು ಬಂದೆ. ಮುಚ್ಚಳ ತೆಗೆದಾಗಲೇ ಸುಟ್ಟ ವಾಸನೆ. ನನ್ನ ಹಳೆಯ ಎಸ್‌ಎಂಪಿಎಸ್ ಒಡೆದು ಹೋಗಿತ್ತು. ಅದರ ಜೊತೆಗೆ ಬೋರ್ಡು, ಎರಡೂ ಹಾರ್ಡ್‌ಡಿಸ್ಕು. ಅರ್ತಿಂಗ್ ಒಣಗಿದ್ದರೆ ಮುಟ್ಟಿದವರಿಗೆ ಶಾಕ್ ಹೊಡೆದೀತು. ಈ ಡಬ್ಬ ಒಳಗಿನಿಂದ ಹೀಗೆ ಸಿಡಿಯುವುದಕ್ಕೂ ಗುಂಡಿಯ ನೀರಿಗೂ ಸಂಬಂಧವಿಲ್ಲ. ನನಗೆ ಅದು ಗೊತ್ತಿತ್ತು.

"ಯಾಕ್ಲಾ ಇಂಗಾಯ್ತು?" ಅಂದ ರಮೇಶ.

ನಾನು ಎದ್ದು ಹೊರಗೆ ಹೋದೆ. ಗುಂಡಿ ಒಣಗಿ ಬಾಯಿ ಬಿಟ್ಟಿತ್ತು. ಅದನ್ನು ಕಂಡು ನನ್ನ ಎದೆ ಹಗುರಾಯಿತು ಜಯಕ್ಕ. ನಿಜ ಹೇಳುತ್ತಿದ್ದೇನೆ — ಹಗುರಾಯಿತು.

"ಅರ್ತಿಂಗ್ ಒಣಗಿದೆ. ನೀರು ಬಿದ್ದಿಲ್ಲ" ಅಂದೆ.

ನೀವು ಬಾಗಿಲಲ್ಲಿ ನಿಂತಿದ್ದಿರಿ. "ನಾನಿರ್ನಿಲ್ಲ ಕಣಣ್ಣ" ಅಂದಿರಿ. ರಮೇಶ ಬಯ್ಯಲಿಲ್ಲ. "ಓಗ್ಲಿ ಬುಡು" ಅಂದ. ಬೈದಿದ್ದರೇ ಚೆನ್ನಾಗಿತ್ತು. ಡಿಸ್ಕುಗಳನ್ನು ಮೈಸೂರಿಗೆ, ಬೆಂಗಳೂರಿಗೆ ತೆಗೆದುಕೊಂಡು ಹೋದೆವು. ಆಗುವುದಿಲ್ಲ ಅಂದರು. ಬರುವಾಗ ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ಟೀ ಹಿಡಿದು ನಿಂತು ರಮೇಶ ನನಗೆ ಒಂದು ಮಾತು ಹೇಳಿದ. "ಅವ್ಳು ಯಾರ್ಗಾರ ಏಳಿ ಒಂದ್ ಬಿಂದ್ಗೆ ನೀರ್ ಉಯ್ಸಿದ್ರೆ ಮಗೀನ್ ಮಖ ಉಳೀತಿತ್ತು ಕಣ್ಲಾ." ನಾನು ಟೀ ಕುಡಿದು ಲೋಟ ಇಟ್ಟೆ.

ಸ್ಟುಡಿಯೋ ಮುಚ್ಚಿತು. ಅವನು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ. ಒಂದೇ ಮನೆಯಲ್ಲಿದ್ದರೂ ನಿಮ್ಮ ಮುಂದೆ ಅವನು ಪುಟ್ಟಿಯ ಹೆಸರು ಎತ್ತುವುದಿಲ್ಲ, ಅವನ ಮುಂದೆ ನೀವು ಎತ್ತುವುದಿಲ್ಲ. ಫೋಟೋ ಹೋದ ಮೇಲೆ ಆ ಮಗು ನಿಮ್ಮಿಬ್ಬರ ಮಾತಿನಲ್ಲಾದರೂ ಉಳಿಯಬಹುದಿತ್ತು. ಅದನ್ನೂ ನಾನೇ ಕಿತ್ತುಕೊಂಡೆ.

ಹೋದ ವಾರ ಹೇಳಿಯೇಬಿಡಬೇಕು ಅಂತ ದೇವಲಾಪುರಕ್ಕೆ ಬಂದೆ. ನೀವು ಮುಚ್ಚಿದ ಸ್ಟುಡಿಯೋ ಪಕ್ಕದಲ್ಲಿ ಬಗ್ಗಿ ಗುಂಡಿಗೆ ನೀರು ಹುಯ್ಯುತ್ತಿದ್ದಿರಿ. ಒಳಗೆ ಒಂದು ಬಲ್ಬೂ ಇಲ್ಲ, ಮೀಟರ್ ಕೂಡ ಕಿತ್ತುಕೊಂಡು ಹೋಗಿದ್ದಾರೆ.

"ಇನ್ನೂ ಯಾಕಕ್ಕ?" ಅಂದೆ.

"ಒಂದ್ಸಲ ತಪ್ಪಿದ್ಕೇ ಮಗೀನ್ ಮಖ ಕಳ್ಕಂಡೆ ಕಣಣ್ಣ. ಬುಟ್ರೆ ಜೀವ ತಡೆಯಾಕಿಲ್ಲ. ದಿನಾ ಉಯ್ತೀನಿ."

ಆಗ ಹೇಳಬೇಕಿತ್ತು. ನಿಮ್ಮ ಕೈಯಿಂದ ಬಿಂದಿಗೆ ಇಸಿದುಕೊಂಡು, ಉಳಿದ ನೀರನ್ನು ನಾನೇ ಗುಂಡಿಗೆ ಹುಯ್ದೆ. ನೀವು, "ಒಳ್ಳೇದಾಗ್ಲಿ ಕಣಣ್ಣ" ಅಂದಿರಿ. ನಾನು ಬಸ್ಸು ಹತ್ತಿದೆ.

ಭಾನುವಾರ ಮತ್ತೆ ಬರುತ್ತೇನೆ, ಅಂಟುಪಟ್ಟಿ ಬಿಚ್ಚದ ಆ ಡಬ್ಬ ಹಿಡಿದುಕೊಂಡು. ಇದನ್ನು ನಿಮ್ಮಿಬ್ಬರ ಮುಂದೆ ನಿಂತು ಓದುತ್ತೇನೆ. ಕ್ಷಮಿಸಿ ಅಂತ ಕೇಳುವುದಿಲ್ಲ. ಪುಟ್ಟಿಯ ಮುಖ ವಾಪಸು ತರಲಾರದವನು ಏನು ಮುಖ ಇಟ್ಟುಕೊಂಡು ಕೇಳಲಿ? ರಮೇಶ ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ನೀವು ಮಾತ್ರ ಇದನ್ನು ಕೇಳಿದ ಮೇಲೆ ಆ ಗುಂಡಿಗೆ ನೀರು ಹುಯ್ಯಬೇಡಿ ಜಯಕ್ಕ. ಅದು ಒಣಗಿದ್ದರಿಂದ ಏನೂ ಆಗಲಿಲ್ಲ.